ಅಡಿಕೆ ಸುಲಿತದ ಹೊತ್ತಿನ ವ್ಯಾಯಾಮ: ಹೊಸನಗರ ತಾಲ್ಲೂಕಿನ ಒಂದು ಮನೆಯ ಪ್ರಕರಣ ಅಧ್ಯಯನ

ಹೊಸನಗರ ತಾಲ್ಲೂಕಿನ ನಗರ ಹೋಬಳಿ ಕಡೆಯ ಪ್ರಕರಣ ಇದು. ಮಗುವಿನ ಹೆಸರು, ಊರಿನ ಹೆಸರು ಬರೆಯುತ್ತಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಮನೆಗಳ ವಿವರ ಸೇರಿಸಿಯೂ ಇದ್ದೇನೆ. ಮನೆಯವರು ಕರೆಯುವ ಹಾಗೆ ನಾವೂ ಅವಳನ್ನು ಪುಟ್ಟಿ ಅನ್ನೋಣ.

ವೈಕಲ್ಯ ಇರುವ ಮಕ್ಕಳ ಮನೆಗೇ ಹೋಗಿ ಕೆಲಸ ಮಾಡುವ ನಮ್ಮ ತಂಡಕ್ಕೆ ಪರಿಚಯವಾದಾಗ ಪುಟ್ಟಿಗೆ ಐದು ವರ್ಷ. ಏಳು ತಿಂಗಳಿಗೇ ಹುಟ್ಟಿದ ಮಗು. ತೂಕ ತೀರಾ ಕಮ್ಮಿ ಇತ್ತು, ಶಿವಮೊಗ್ಗದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡರು. ವರ್ಷ ತುಂಬಿದರೂ ಕೂರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದವು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ. ಅದರಲ್ಲೂ ಡೈಪ್ಲೀಜಿಯಾ, ಅಂದರೆ ಕಾಲಲ್ಲಿ ಬಿಗಿತ ಜಾಸ್ತಿ, ಕೈಯಲ್ಲಿ ಕಮ್ಮಿ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆ ಇದು. ಮಿದುಳಿಗೆ ಆದ ಪೆಟ್ಟು ಮುಂದೆ ಹೆಚ್ಚಾಗುವುದಿಲ್ಲ. ಆದರೆ ಸುಮ್ನೆ ಬಿಟ್ಟರೆ ಸ್ನಾಯು ಗಿಡ್ಡವಾಗುತ್ತದೆ, ಮಂಡಿ ಮಡಚಿಕೊಂಡೇ ಉಳಿಯುತ್ತದೆ, ಸೊಂಟದ ಕೀಲು ಜಾಗ ಬಿಟ್ಟು ಸರಿಯಲೂಬಹುದು.

ಮಾತಿಗೇನೂ ಕೊರತೆ ಇರಲಿಲ್ಲ. ಜಗಲಿಯಲ್ಲಿ ಕೂತು ಅಂಗಳಕ್ಕೆ ಬಂದವರನ್ನೆಲ್ಲ "ಎಲ್ಲಿಂದ ಬಂದ್ರಿ, ಆಸ್ರಿಗೆ ಎಂತ ಬೇಕು" ಅಂತ ವಿಚಾರಿಸುವ ಹುಡುಗಿ.

ಮನೆ ಗುಡ್ಡದ ಓರೆಯಲ್ಲಿದೆ. ಕೆಳಗೆ ತೋಟ, ತೋಟದ ಆಚೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ, ಅದನ್ನು ದಾಟಿದರೆ ಗದ್ದೆ ಅಂಚು, ಆಮೇಲೆ ಟಾರು ರಸ್ತೆ. ಪಕ್ಕದ ಮನೆ ಅಂದರೆ ಕೂಗಿದರೆ ಕೇಳುವಷ್ಟು ದೂರ, ಅದೂ ಮಳೆ ಇಲ್ಲದಿದ್ದರೆ. ಅಪ್ಪ ಸುಗ್ಗಿಯಲ್ಲಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುತ್ತಾರೆ, ಮಳೆಗಾಲದಲ್ಲಿ ಅದೇ ಮರ ಹತ್ತಿ ಕೊಳೆ ರೋಗಕ್ಕೆ ಔಷಧಿ ಹೊಡೆಯುತ್ತಾರೆ. ಅಮ್ಮನಿಗೆ ಚೂರು ಗದ್ದೆ, ಎರಡು ದನ, ಸುಗ್ಗಿ ಬಂದರೆ ಬೇರೆಯವರ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ಅಜ್ಜಿ ಇದ್ದಾರೆ. ಮೂರನೇ ಕ್ಲಾಸಿನ ಅಣ್ಣ ಇದ್ದಾನೆ.

ಫೈಲಿನಲ್ಲಿ ಬರೆದಿದ್ದ ಒಂದು ಸಾಲು

ನಾವು ಹೋಗುವ ಮೊದಲೇ ಪುಟ್ಟಿಗೆ ಒಂದು ಫೈಲ್ ಇತ್ತು. ಯಾವುದೋ ಕ್ಯಾಂಪಿನಲ್ಲಿ ತಪಾಸಣೆಯಾಗಿತ್ತು. ವ್ಯಾಯಾಮದ ಚಿತ್ರಗಳಿದ್ದ ಚಾರ್ಟ್ ಕೊಟ್ಟು, ದಿನಕ್ಕೆ ಮೂರು ಹೊತ್ತು ಒಂದೊಂದನ್ನೂ ಹತ್ತು ಹತ್ತು ಸಲ ಮಾಡಿಸಿ ಅಂದಿದ್ದರು. ಒಂದು ವೀಲ್‌ಚೇರೂ ಬಂದಿತ್ತು, ಅವಳಿಗಿಂತ ಎರಡು ಸೈಜು ದೊಡ್ಡದು. ಮೆಟ್ಟಿಲಿನ ಮನೆಗೆ, ಸಂಕದ ದಾರಿಗೆ ವೀಲ್‌ಚೇರ್ ಎಂತಕ್ಕೆ? ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಅದರ ಮೇಲೆ ಹಿಂಡಿ ಚೀಲ ಇಟ್ಟಿದ್ದರು. ಚಾರ್ಟ್ ಕ್ಯಾಲೆಂಡರ್ ಪಕ್ಕ ನೇತಾಡುತ್ತಿತ್ತು. ಫೈಲಿನ ಕೊನೆಯ ಪುಟದಲ್ಲಿ ಒಂದೇ ಸಾಲು: "ತಾಯಿ ಸಹಕರಿಸುತ್ತಿಲ್ಲ."

ಇಂಥ ಸಾಲು ಎಷ್ಟೋ ಫೈಲುಗಳಲ್ಲಿ ಓದಿದ್ದೇನೆ. ಪ್ರತಿ ಸಲ ಸಿಟ್ಟು ಬರುತ್ತದೆ. ತಾಯಿಯ ದಿನ ಹೇಗೆ ಕಳೆಯುತ್ತದೆ ಅಂತ ಬರೆದಿಟ್ಟ ಫೈಲ್ ಮಾತ್ರ ನೋಡಿಲ್ಲ.

ಹಾಗಾಗಿ ಈ ಮನೆಯಲ್ಲಿ ಮಗುವಿನ ಕಾಲು ಅಳೆಯುವ ಮೊದಲು ತಾಯಿಯ ಹೊತ್ತು ಬರೆದುಕೊಂಡೆವು. ಬೆಳಕು ಹರಿಯುವ ಮೊದಲೇ ಬಚ್ಚಲು ಒಲೆಗೆ ಬೆಂಕಿ, ಹಾಲು ಕರೆಯುವುದು, ಡೈರಿಗೆ ಹಾಕಿ ಬರುವುದು, ತಿಂಡಿ, ಮಗನನ್ನು ಶಾಲೆಗೆ ಕಳಿಸುವುದು. ಆಮೇಲೆ ಹುಲ್ಲು, ಸೊಪ್ಪು, ಗದ್ದೆ. ಸುಗ್ಗಿಯಲ್ಲಿ ರಾತ್ರಿ ಊಟ ಮುಗಿಸಿ ತೋಟದವರ ಮನೆಗೆ ಸುಲಿಯಲು ಹೋದರೆ ಬರುವುದು ಹತ್ತೋ ಹನ್ನೊಂದೋ. ಇದರ ಮಧ್ಯೆ ಪುಟ್ಟಿಯನ್ನು ಎತ್ತುವುದು: ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಒಲೆ ಹತ್ತಿರಕ್ಕೆ, ಅಲ್ಲಿಂದ ಜಗಲಿಗೆ, ಮತ್ತೆ ಪಾಯಿಖಾನೆಗೆ. ದಿನಕ್ಕೆ ಎಷ್ಟು ಸಲ ಅಂತ ಕೇಳಿದೆವು. "ಯಾರು ಎಣಿಸ್ತಾರೆ ಮೇಡಂ" ಅಂದರು. ಒಂದು ದಿನ ಎಣಿಸಿ ನೋಡಿ ಅಂದೆವು. ಎತ್ತಿದಾಗೆಲ್ಲ ಅಣ್ಣ ಒಂದು ಗೋಟಡಿಕೆಯನ್ನು ಗಿಂಡಿಗೆ ಹಾಕಿದ. ಅವತ್ತು ಭಾನುವಾರ, ಅವನಿಗೂ ಆಟ. ಸಂಜೆ ಎಣಿಸಿದರೆ ಮೂವತ್ತು ದಾಟಿತ್ತು. ತಾಯಿಗೆ ಸೊಂಟನೋವು ಅಂತ ಫೈಲಿನಲ್ಲಿ ಎಲ್ಲೂ ಇರಲಿಲ್ಲ, ಅವರೂ ಹೇಳಿರಲಿಲ್ಲ. ಅವತ್ತು ಹೇಳಿದರು.

"ಯಾವಾಗ ನಡೀತಾಳೆ?"

ಪ್ರತಿ ಮನೆಯಲ್ಲೂ ಮೊದಲು ಬರುವ ಪ್ರಶ್ನೆ ಇದೇ. ಉತ್ತರ ಹೇಳದೆ ಜಾರಿಕೊಳ್ಳುವುದು ನಮ್ಮ ಕ್ಷೇತ್ರದ ಕೆಟ್ಟ ಚಾಳಿ. "ವ್ಯಾಯಾಮ ಮಾಡಿಸ್ತಾ ಇರಿ, ನೋಡೋಣ" ಅಂದುಬಿಟ್ಟರೆ ಆಯಿತು, ಮುಂದೆ ಮಗು ನಡೆಯದಿದ್ದರೆ ತಪ್ಪು ತಾಯಿಯ ತಲೆಗೆ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಓಡಾಟವನ್ನು ಐದು ಹಂತಗಳಲ್ಲಿ ಗುರುತಿಸುವ ಒಂದು ಪದ್ಧತಿ 1997ರಿಂದ ಬಳಕೆಯಲ್ಲಿದೆ. ಜಿಎಂಎಫ್‌ಸಿಎಸ್ ಅಂತ ಕರೆಯುತ್ತಾರೆ. ಒಂದನೇ ಹಂತದ ಮಗು ಯಾರ ಸಹಾಯವೂ ಇಲ್ಲದೆ ನಡೆಯುತ್ತದೆ. ಐದನೇ ಹಂತದ ಮಗುವಿಗೆ ಕತ್ತು ನಿಲ್ಲಿಸುವುದೇ ಕಷ್ಟ. ಪುಟ್ಟಿ ಮೂರನೆಯದು: ಏನಾದರೂ ಹಿಡಿದುಕೊಂಡು ನಡೆಯುವ ಹಂತ. ಕೆನಡಾದ ಒಂಟಾರಿಯೋದಲ್ಲಿ ನೂರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಮಕ್ಕಳು ದೇಹದ ಚಲನೆಯಲ್ಲಿ ಕಲಿಯಬಹುದಾದದ್ದರ ಬಹುಪಾಲನ್ನು ಐದು ವರ್ಷದ ಒಳಗೇ ಕಲಿತಿರುತ್ತಾರೆ. ಅಂದರೆ ಐದರ ನಂತರ ಏನೂ ಮಾಡುವ ಹಾಗಿಲ್ಲ ಅಂತಲ್ಲ. ಇರುವ ಶಕ್ತಿಯನ್ನು ಎಲ್ಲಿ, ಹೇಗೆ ಬಳಸಿಕೊಳ್ಳುವುದು ಅನ್ನುವುದೇ ಅಲ್ಲಿಂದ ಮುಂದೆ ಮುಖ್ಯ.

ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ನಮ್ಮ ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟು: "ಮನೆಯೊಳಗೆ ಹಿಡ್ಕೊಂಡು ನಡೀತಾಳೆ. ಸಿಮೆಂಟ್ ನೆಲದಲ್ಲಿ ವಾಕರ್ ಹಿಡಿದು ನಡೀಬಹುದು. ಗದ್ದೆ ಅಂಚಲ್ಲಿ ಒಬ್ಬಳೇ ನಡೆಯೋದು ಕಷ್ಟ." ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಬಚ್ಚಲಿಗೆ ಅವಳೇ ಹೋಗೂ ಹಂಗೆ ಮಾಡಿಕೊಡಿ" ಅಂದರು. ನಮ್ಮ ಯೋಜನೆಯ ಮೊದಲ ಗುರಿ ಅದೇ ಆಯಿತು. ಚಾರ್ಟ್ ನೋಡಿ ಬರೆದಿದ್ದರೆ ಇಂಥ ಗುರಿ ಬರುತ್ತಿರಲಿಲ್ಲ.

ಮನೆಯೊಳಗೆ ಆದ ಬದಲಾವಣೆ

ಜಗಲಿಯಿಂದ ನಡುಮನೆ ದಾಟಿ ಬಚ್ಚಲವರೆಗೆ ಅಡಿಕೆ ದಬ್ಬೆಯ ಕೈಹಿಡಿ ಬಂತು. ದುಡ್ಡು ಖರ್ಚಾಗಲಿಲ್ಲ. ತೋಟದಲ್ಲಿ ಬಿದ್ದಿದ್ದ ಹಳೆಯ ಮರವನ್ನು ಅಪ್ಪನೇ ಸೀಳಿ, ಚಕ್ಕೆ ಹೋಗುವ ಹಾಗೆ ಹೆರೆದು, ಪುಟ್ಟಿಯ ಸೊಂಟದ ಎತ್ತರಕ್ಕೆ ಕಟ್ಟಿದರು. ಅಂಗಳದಲ್ಲೂ ಒಂದು ಜೋಡಿ ನೆಟ್ಟರು. ಅಪ್ಪ ಆವರೆಗೆ ಈ ವಿಷಯದಲ್ಲಿ ಬಾಯಿ ಬಿಟ್ಟವರೇ ಅಲ್ಲ. ನಾವು ಹೋದರೆ ತೋಟದ ಕಡೆ ಹೊರಟುಬಿಡುತ್ತಿದ್ದರು. ಕೈಗೆ ಕತ್ತಿ, ಕಣ್ಣಿಗೊಂದು ಅಳತೆ ಸಿಕ್ಕ ಮೇಲೆ ಅವರೇ ಕೇಳತೊಡಗಿದರು: ತಿರುವಿನಲ್ಲಿ ದಬ್ಬೆ ಬಿಟ್ಟು ಕೊಟ್ಟರೆ ಅವಳು ಹೇಗೆ ದಾಟುತ್ತಾಳೆ, ಹೊಸಿಲಿಗೆ ಏನು ಮಾಡೋಣ. ಗಂಡಸರನ್ನು ಕೂರಿಸಿ ಸಮಾಲೋಚನೆ ಮಾಡುವುದಕ್ಕಿಂತ ಇದು ವಾಸಿ ಅಂತ ನನ್ನ ಅನುಭವ.

ಅಜ್ಜಿಗೆ ವ್ಯಾಯಾಮದ ಮೇಲೆ ನಂಬಿಕೆ ಇರಲಿಲ್ಲ. ಸಿಗಂದೂರಿಗೆ ಹರಕೆ ಹೊತ್ತಿದ್ದರು. ಹರಕೆ ಇರಲಿ, ಅದರಿಂದ ಯಾರಿಗೇನು ತೊಂದರೆ? ನಮಗೆ ಕಂಡಿದ್ದು ಅವರ ಕೈ. ದಿನಾ ಬೆಳಿಗ್ಗೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು ಮೀಯಿಸುತ್ತಿದ್ದರು. ಬಿಸಿನೀರು ಬಿದ್ದ ಮೇಲೆ ಬಿಗಿತ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಸ್ನಾಯು ಎಳೆದು ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚಾರ್ಟಿನಲ್ಲಿದ್ದ ವ್ಯಾಯಾಮಗಳಲ್ಲಿ ಮೂರನ್ನು ಮಾತ್ರ ಆರಿಸಿ ಬಚ್ಚಲಿಗೆ ಸೇರಿಸಿದೆವು: ಮಂಡಿ ನೇರ ಮಾಡಿ ಪಾದ ಮೇಲಕ್ಕೆ ಒತ್ತುವುದು, ಮಂಡಿಯ ಹಿಂದಿನ ನರ ಎಳೆಯುವುದು, ತೊಡೆ ಎರಡು ಬದಿಗೆ ಅಗಲಿಸುವುದು. ಎಣಿಸುವ ಬದಲು ಅಜ್ಜಿ ಹಾಡಿನ ಎರಡು ಸಾಲು ಮುಗಿಯುವವರೆಗೆ ಹಿಡಿಯುತ್ತಾರೆ. ಎಳೆದು ಬಿಡುವುದಲ್ಲ, ಹಿಡಿದಿರುವುದು ಮುಖ್ಯ ಅಂತ ಒಮ್ಮೆ ತೋರಿಸಿದ್ದಷ್ಟೇ. ನರ ಅಂದದ್ದು ಅಜ್ಜಿಯ ಭಾಷೆಯಲ್ಲಿ. ಅದು ಸ್ನಾಯುರಜ್ಜು ಅಂತ ತಿದ್ದಲು ಹೋಗಲಿಲ್ಲ.

ಕಾಲು ಹೆಣೆದುಕೊಳ್ಳುವುದಕ್ಕೆ ಅಡಿಕೆ ಸಿಪ್ಪೆಯೇ ಔಷಧಿ ಆಯಿತು ಅಂದರೆ ನಗುತ್ತೀರಿ. ಒಣಗಿದ ಸಿಪ್ಪೆಯನ್ನು ಗೋಣಿಚೀಲಕ್ಕೆ ಒತ್ತಿ ತುಂಬಿ, ಸುತ್ತಿ ಹೊಲಿದರೆ ಗಟ್ಟಿ ದಿಂಬು. ಅದರ ಮೇಲೆ ಕುದುರೆ ಸವಾರಿ ಕೂತರೆ ತೊಡೆ ತಾನಾಗಿ ಅಗಲವಾಗುತ್ತದೆ, ಬೆನ್ನು ನೇರವಾಗುತ್ತದೆ, ಕೈ ಎರಡೂ ಆಟಕ್ಕೆ ಬಿಡುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಫೋಮ್ ರೋಲ್ ಮಾಡುವುದೂ ಇದನ್ನೇ.

ಸುಗ್ಗಿ ಬಂದಾಗ

ನವೆಂಬರ್ ಬಂತು. ಕೊನೆ ಇಳಿಯಿತು. ಮಲೆನಾಡಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಗೊತ್ತು, ಆಗ ಯಾವ ಮನೆಯಲ್ಲೂ ಯಾರಿಗೂ ಪುರುಸೊತ್ತಿಲ್ಲ. ಹಸಿ ಅಡಿಕೆ ಕಾಯುವುದಿಲ್ಲ. ಇವತ್ತು ಕೊಯ್ದದ್ದನ್ನು ರಾತ್ರಿ ಸುಲಿದರೆ ಬೆಳಿಗ್ಗೆ ಬೇಯಿಸಬಹುದು. ಸುಲಿದ ಲೆಕ್ಕಕ್ಕೆ ಕೂಲಿ. ತಾಯಿ ಸುಲಿಯಲು ಹೋದರೆ ಸಂಜೆಯ ವ್ಯಾಯಾಮ ನಿಂತಿತು, ಹೋಗದಿದ್ದರೆ ವರ್ಷದ ಸಾಲ ತೀರುವುದಿಲ್ಲ. ಪುಟ್ಟಿಯ ಯೋಜನೆ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ಇಲ್ಲಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಎಲ್ಲರಿಗೂ ಆರೋಗ್ಯ ಅನ್ನುವ 1978ರ ಅಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯ ದಾರಿ ಹಿಡಿಯಿತು. ದೊಡ್ಡ ಆಸ್ಪತ್ರೆಗೆ ಬರಲಾಗದವರ ಮನೆಗೇ ಪುನರ್ವಸತಿ ಹೋಗಬೇಕು ಅನ್ನುವುದು ಅದರ ಆಶಯ. 2010ರ ಮಾರ್ಗಸೂಚಿಯಲ್ಲಿ ಅದಕ್ಕೆ ಐದು ಭಾಗ ಮಾಡಿದರು: ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ. ಮಕ್ಕಳ ಪ್ರಕರಣವಾದರೆ ಜೀವನೋಪಾಯದ ಕಾಲಂ ಖಾಲಿ ಬಿಡುವುದು ರೂಢಿ. ಐದು ವರ್ಷದ ಮಗುವಿಗೆ ಎಂಥ ದುಡಿಮೆ, ಅಲ್ವಾ? ಆದರೆ ಮಗುವಿನ ವ್ಯಾಯಾಮ ನಡೆಯುವುದು ತಾಯಿಯ ಕೂಲಿಯ ಬಿಡುವಿನಲ್ಲಿ. ಆ ಕಾಲಂ ತುಂಬದೆ ಉಳಿದ ನಾಲ್ಕು ತುಂಬುವುದಿಲ್ಲ.

ದಾರಿ ತೋರಿಸಿದ್ದು ಹೆಂಗಸರ ಸ್ವಸಹಾಯ ಸಂಘ. ವಾರದ ಕಂತು ಕಟ್ಟುವ ಸಭೆಯಲ್ಲಿ ಈ ವಿಷಯ ಬಂತು. ತೋಟದ ಮನೆಯವರ ಜೊತೆ ಸಂಘದ ಇಬ್ಬರು ಹೋಗಿ ಮಾತಾಡಿದರು. ಪುಟ್ಟಿಯ ಅಮ್ಮನ ಪಾಲಿನ ಅಡಿಕೆಯನ್ನು ಸಂಜೆ ಅವರ ಮನೆಗೇ ಇಳಿಸುವುದು, ಬೆಳಿಗ್ಗೆ ಬೇಯಿಸುವ ಹೊತ್ತಿಗೆ ಸುಲಿದದ್ದು ಹಂಡೆ ಹತ್ತಿರ ತಲುಪುವುದು, ಅಳತೆ ಅಲ್ಲೇ. ಸಾಗಿಸುವ ಹೊಣೆ ಅಪ್ಪನದು. ತೋಟದವರು ಮೊದಲು ಅನುಮಾನಿಸಿದರು, ಒಂದು ವಾರ ನೋಡೋಣ ಅಂದರು. ವಾರದ ನಂತರ ಮತ್ತೆ ಅದರ ಮಾತೇ ಬರಲಿಲ್ಲ.

ಈಗ ರಾತ್ರಿಯ ಚಿತ್ರ ಹೀಗೆ. ತಾಯಿ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಎದುರಿಗೆ, ಕತ್ತಿಯಿಂದ ದೂರ, ಎದೆಮಟ್ಟದ ಬೆಂಚಿಗೆ ಒರಗಿ ಪುಟ್ಟಿ ನಿಂತಿರುತ್ತಾಳೆ. ಮಂಡಿ ಮಡಚದ ಹಾಗೆ ಹಿಂದಿನಿಂದ ಒಂದು ಅಗಲದ ಪಟ್ಟಿ, ಕಾಲಿಗೆ ಸ್ಪ್ಲಿಂಟ್, ಅಂದರೆ ಪಾದವನ್ನು ಸರಿಯಾಗಿ ಹಿಡಿದಿಡುವ ಪ್ಲಾಸ್ಟಿಕ್ ಅಚ್ಚು. ಬೆಂಚಿನ ಮೇಲೆ ಸ್ಲೇಟು, ಬಳಪ, ಒಂದಷ್ಟು ಅಡಿಕೆ. ಅಣ್ಣ ಮಗ್ಗಿ ಹೇಳುತ್ತಾನೆ, ಇವಳು ಅಡಿಕೆ ಜೋಡಿಸಿ ಲೆಕ್ಕ ಮಾಡುತ್ತಾಳೆ. ಮೊದಲು ಸ್ವಲ್ಪ ಹೊತ್ತಿಗೇ ಅಳುತ್ತಿದ್ದವಳು ಸುಗ್ಗಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದಳು. ಯಾರೂ ಅದಕ್ಕೆ ಬೇರೆ ಹೊತ್ತು ತೆಗೆದಿಡಬೇಕಾಗಲಿಲ್ಲ.

ಪರ್ಸೆಂಟೇಜ್ ಮತ್ತು ಬಸ್ಸು

ಕಾಗದಪತ್ರದ ಕೆಲಸ ಬೇಸಿಗೆಯಲ್ಲಿ ಮಾಡಿದೆವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಹೆಚ್ಚಿನ ಸವಲತ್ತುಗಳಿಗೆ ವೈಕಲ್ಯದ ಪ್ರಮಾಣ ಶೇ 40 ಅನ್ನುವುದು ಗೆರೆ. ರಾಜ್ಯದ ಮಾಸಾಶನದಲ್ಲಿ ಶೇ 75ರ ಮೇಲೆ ಹೋದರೆ ಮೊತ್ತ ಜಾಸ್ತಿ. ಊರಿನಲ್ಲಿ ಎಲ್ಲರಿಗೂ ಇದು ಬಾಯಿಪಾಠ. "ಮೇಡಂ, ಪರ್ಸೆಂಟೇಜ್ ಸ್ವಲ್ಪ ಜಾಸ್ತಿ ಹಾಕಿಸಕ್ಕಾಗುತ್ತಾ" ಅಂತ ತಾಯಿ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಮಗು ಹುಷಾರಾದಷ್ಟೂ ದುಡ್ಡು ಕಮ್ಮಿ ಬರುವ ಲೆಕ್ಕಾಚಾರ ಮಾಡಿಟ್ಟವರು ಅವರಲ್ಲ. ಆಗುವುದಿಲ್ಲ ಅಂತ ಹೇಳಿದೆವು. ವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಆಯಿತು, ಮಾಸಾಶನ ಕೆಳಗಿನ ದರದಲ್ಲಿ ಬಂತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿಸಿದೆವು. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯೂ ಸೇರುತ್ತದೆ.

ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಬಂದರೆ ದಿನವೇ ಹೋಯಿತು, ಕೂಲಿಯೂ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಕಾರ್ಡ್ ಕೆಲಸ, ಸ್ಪ್ಲಿಂಟಿನ ಅಳತೆ, ಸೊಂಟದ ಎಕ್ಸ್‌ರೇ ಮೂರನ್ನೂ ಒಂದೇ ಪ್ರಯಾಣಕ್ಕೆ ಕೂಡಿಸುವುದು ನಮ್ಮ ಪಾಲಿನ ಕೆಲಸವಾಯಿತು. ಇಂಥ ಸಣ್ಣ ಹೊಂದಾಣಿಕೆಗೆ ಫೋನು ಮಾಡುತ್ತಾ ಕೂರುವುದು ಯಾವ ವರದಿಯಲ್ಲೂ ಕಾಣುವುದಿಲ್ಲ.

ಶಾಲೆ

ಶಾಲೆಯ ರಿಜಿಸ್ಟರಿನಲ್ಲಿ ಪುಟ್ಟಿ ಗೃಹಾಧಾರಿತ ಶಿಕ್ಷಣದ ಪಟ್ಟಿಗೆ ಹೋಗುವುದರಲ್ಲಿದ್ದಳು. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಈ ವ್ಯವಸ್ಥೆ ಬೇಕೇ ಬೇಕು. ಆದರೆ ದಾರಿ ಸರಿ ಇಲ್ಲ ಅನ್ನುವ ಕಾರಣಕ್ಕೆ ಮಾತು ಕಲಿತ, ಲೆಕ್ಕ ಬರುವ ಮಗುವನ್ನು ಆ ಪಟ್ಟಿಗೆ ಹಾಕಿದರೆ ದಾರಿ ರಿಪೇರಿ ಮಾಡುವ ಕೆಲಸ ತಪ್ಪಿದ ಹಾಗೆ. ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಶಿಕ್ಷಕರು ಈ ಮಾತಿಗೆ ಒಪ್ಪಿದರು. ಸಾರಿಗೆ ಮತ್ತು ಬೆಂಗಾವಲು ಭತ್ಯೆಗೆ ಬರೆದರು.

ಬೆಂಗಾವಲು ಯಾರು? ಶಾಲೆಗೆ ದಿನಾ ತಪ್ಪದೆ ಹೋಗುವ ದೊಡ್ಡವರು ಆ ಓಣಿಯಲ್ಲಿ ಒಬ್ಬರೇ: ಮೇಲಿನ ಮನೆಯ ಬಿಸಿಯೂಟದ ಅಡುಗೆಯವರು. ಅವರಿಗೆ ಹೇಗೂ ಅದೇ ದಾರಿ. ಮನೆಯಿಂದ ರಸ್ತೆವರೆಗೆ ಅಪ್ಪನೋ ಅಮ್ಮನೋ ಎತ್ತಿಕೊಂಡು ಹೋಗುವುದು, ರಸ್ತೆಯಿಂದ ಆಟೋದಲ್ಲಿ ಅಡುಗೆಯಮ್ಮನ ಜೊತೆ. ಭತ್ಯೆ ಸರಿಯಾದ ಸಮಯಕ್ಕೆ ಬರುವುದಿಲ್ಲ, ಆಟೋದವರು ಸಂಘದ ಮುಲಾಜಿಗೆ ಕಾಯುತ್ತಾರೆ.

ಸಂಕಕ್ಕೆ ಒಂದೇ ಬದಿ ಕೈಹಿಡಿ ಇತ್ತು. ಮಗು ಎತ್ತಿಕೊಂಡವರ ಒಂದು ಕೈ ಮಗುವಿಗೆ, ಇನ್ನೊಂದು ಕೊಡೆಗೆ. ಗ್ರಾಮ ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಅದನ್ನು ವರ್ಷದ ಕೊನೆಗೆ ತಲೆಗಿಷ್ಟು ಅಂತ ಹಂಚಿ ಕೈತೊಳೆದುಕೊಳ್ಳುವುದೇ ಸುಲಭ. ಈ ಸಲ ಸಂಕಕ್ಕೆ ಎರಡೂ ಬದಿ ಕಬ್ಬಿಣದ ಪೈಪು ಹಾಕಿಸಲು ಅದನ್ನು ಕೇಳಿದವರು ನಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪೋಲಿಯೋ ಆದ ಕಾಲು, ಮೂರು ಚಕ್ರದ ಸ್ಕೂಟಿ. ಅವರು ಮೊದಲ ಸಲ ಮನೆಗೆ ಬಂದಾಗ ಪುಟ್ಟಿ ಅವರ ಕಾಲನ್ನೇ ನೋಡಿ, "ಮಾಮಾ, ನಿಮ್ದೂ ನನ್ ಕಾಲಿನ ಹಂಗೇನಾ?" ಅಂದಳು. "ಬೇರೆ ಕಂಪನಿದು" ಅಂದರು ಅವರು. ಅಜ್ಜಿಯೂ ನಕ್ಕರು.

ವಾಕರನ್ನು ಶಾಲೆಯಲ್ಲೇ ಇಟ್ಟೆವು. ಮನೆಯ ಅಂಗಳದ ಮಣ್ಣಿನಲ್ಲಿ ಅದರ ಚಕ್ರ ಓಡುವುದಿಲ್ಲ, ಮನೆಯಲ್ಲಿ ದಬ್ಬೆ ಸಾಕು. ಶಾಲೆಯ ಜಗಲಿ ಸಿಮೆಂಟಿನದು. ಈಗ ಕ್ಲಾಸಿನಿಂದ ಊಟದ ಜಾಗಕ್ಕೆ ಅವಳೇ ಹೋಗುತ್ತಾಳೆ. ನಿಧಾನ, ಆದರೆ ಹೋಗುತ್ತಾಳೆ.

ಬಗೆಹರಿಯದೆ ಉಳಿದದ್ದು ಶೌಚಾಲಯ. ಪುಟ್ಟಿ ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ತಾಯಿ ಕೇಳಿದರೆ ಬಾಯಾರಿಕೆ ಆಗಲಿಲ್ಲ ಅನ್ನುತ್ತಿದ್ದಳು. ಉರಿಮೂತ್ರ ಶುರುವಾದ ಮೇಲೆ ಅಡುಗೆಯಮ್ಮನ ಹತ್ತಿರ ನಿಜ ಹೇಳಿದಳು: ಹೋಗಬೇಕಾದರೆ ಯಾರಾದರೂ ಎತ್ತಬೇಕು, ಅದಕ್ಕೇ ಕುಡಿಯುವುದಿಲ್ಲ. ನಡುವೆ ತೂತು ಕೊಯ್ದ ಪ್ಲಾಸ್ಟಿಕ್ ಕುರ್ಚಿಯನ್ನು ಅಲ್ಲಿಟ್ಟೆವು. ಅರ್ಧ ಕೆಲಸ ಆಯಿತು. ಬಾಗಿಲಿನ ಮುಂದಿನ ಎರಡು ಮೆಟ್ಟಿಲು ಹಾಗೇ ಇವೆ.

ಮಳೆಗಾಲ

ಜೋರು ಮಳೆಗೆ ಹೆಸರಾದ ಹುಲಿಕಲ್, ಮಾಸ್ತಿಕಟ್ಟೆ ಇರುವ ತಾಲ್ಲೂಕು ಇದು. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಯ ಗುರಿ ಇಟ್ಟುಕೊಳ್ಳುವುದು ದಂಡ. ಮಳೆ ರಜೆ, ಉಕ್ಕುವ ಹಳ್ಳ, ಕೈಕೊಡುವ ಕರೆಂಟು ಮತ್ತು ನೆಟ್‌ವರ್ಕ್. ಸ್ಪ್ಲಿಂಟಿನ ಪಟ್ಟಿಗೆ ಬೂಷ್ಟು ಹಿಡಿಯಿತು, ಒದ್ದೆ ಕಾಲ್ಚೀಲದಿಂದ ಹಿಮ್ಮಡಿ ಹುಣ್ಣಾಯಿತು. ಈಗ ಅದನ್ನು ರಾತ್ರಿ ಬಚ್ಚಲು ಒಲೆಯ ಹತ್ತಿರ ನೇತುಹಾಕುತ್ತಾರೆ. ಕಾವು ಜಾಸ್ತಿಯಾದರೆ ಪ್ಲಾಸ್ಟಿಕ್ ಬಗ್ಗುತ್ತದೆ, ಹಾಗಾಗಿ ಒಲೆಯಿಂದ ಎಷ್ಟು ದೂರ ಅಂತ ಗೋಡೆಗೆ ಮೊಳೆ ಹೊಡೆದು ಗುರುತು ಮಾಡಿದ್ದೇವೆ. ನಮ್ಮ ಯೋಜನೆಯ ಹಾಳೆಯೂ ತಿಂಗಳ ಲೆಕ್ಕ ಬಿಟ್ಟು ಮಳೆಗಾಲ, ಸುಗ್ಗಿ, ಬೇಸಿಗೆ ಅಂತ ಮೂರು ಭಾಗವಾಯಿತು. ಮಳೆಗಾಲಕ್ಕೆ ಬಟ್ಟೆ ತಾನೇ ಹಾಕಿಕೊಳ್ಳುವುದು, ಅಕ್ಷರ, ದಬ್ಬೆ ಹಿಡಿದು ನಡೆಯುವುದು.

ಈಗಿನ ಸ್ಥಿತಿ

ಪುಟ್ಟಿ ಎರಡನೇ ಕ್ಲಾಸು. ಬಚ್ಚಲಿಗೆ ತಾನೇ ಹೋಗುತ್ತಾಳೆ. ಒದ್ದೆ ನೆಲದಲ್ಲಿ ಬಿದ್ದದ್ದೂ ಉಂಟು, ಅಲ್ಲಿಗೆ ಒರಟು ಕಲ್ಲು ಹಾಸಿದ್ದಾರೆ. ಗಿಂಡಿ ಲೆಕ್ಕ ಮತ್ತೊಮ್ಮೆ ಮಾಡಿದಾಗ ಎತ್ತುವುದು ಅರ್ಧಕ್ಕಿಂತ ಕಮ್ಮಿಯಾಗಿತ್ತು. ತಾಯಿಯ ಸೊಂಟನೋವು ಪೂರ್ತಿ ಹೋಗಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಸೊಂಟದ ಕೀಲು ಸರಿಯುತ್ತದೆ. ಪುಟ್ಟಿಯ ಎಡಗಡೆಯ ಕೀಲು ಸ್ವಲ್ಪ ಸರಿದಿದೆ, ನೋವಿಲ್ಲ. ಎಕ್ಸ್‌ರೇ ಮತ್ತೆ ಬೇಸಿಗೆಗೆ. ಜಾಸ್ತಿ ಸರಿದರೆ ಆಪರೇಷನ್ ಮಾತು ಬರಬಹುದು ಅಂತ ಮನೆಯವರಿಗೆ ಈಗಲೇ ಹೇಳಿದ್ದೇವೆ.

ಊರಿನ ಶಾಲೆ ಇರುವುದು ಐದನೇ ಕ್ಲಾಸಿನವರೆಗೆ. ಆಮೇಲಿನದು ದೂರ, ಅಲ್ಲಿಗೆ ಅಡುಗೆಯಮ್ಮ ಹೋಗುವುದಿಲ್ಲ. ಇದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಸದ್ಯಕ್ಕೆ ಶೌಚಾಲಯದ ಮೆಟ್ಟಿಲು ತೆಗೆದು ರ‍್ಯಾಂಪ್ ಮಾಡಿಕೊಡಿ ಅಂತ ವಿಕಲಚೇತನರ ಗ್ರಾಮಸಭೆಗೆ ಅರ್ಜಿ ಹೋಗಿದೆ. ಬರೆದವರು ಪುಟ್ಟಿಯ ಅಮ್ಮ, ಸಹಿ ಹಾಕಿದವರು ಸಂಘದವರು. ಸಭೆ ಅಡಿಕೆ ಸುಲಿತ ಮುಗಿದ ಮೇಲೆ ಇಡಿ ಅಂತಲೂ ಅದರಲ್ಲೇ ಬರೆದಿದ್ದಾರೆ.